ಫ್ಲೈಓವರ್ ಕಟ್ಟಿದರೆ ಟ್ರಾಫಿಕ್ ಮುಗಿಯುತ್ತದೆಯೇ? ನಗರದ ರಸ್ತೆ ಯೋಜನೆ ಹುಟ್ಟುವುದು ಹೇಗೆ, ದುಡ್ಡು ಬರುವುದು ಎಲ್ಲಿಂದ?

‘ನಮ್ಮ ಏರಿಯಾಗೆ ಸುರಂಗ ರಸ್ತೆ ಬರ್ತಿದೆ, ಈಗಲೇ ಸೈಟ್ ತಗೊಳ್ಳಿ.’ ‘ಈ ರಸ್ತೆಯ ಎರಡೂ ಕಡೆ 40 ಅಡಿ ಒಡೆಯುತ್ತಾರಂತೆ, ತಕ್ಷಣ ಎಲ್ಲರಿಗೂ ಶೇರ್ ಮಾಡಿ.’ ‘ನಾವು ರೋಡ್ ಟ್ಯಾಕ್ಸ್ ಕಟ್ಟಿದ ದುಡ್ಡು ಎಲ್ಲಿ ಹೋಯ್ತು?’ ಬೆಂಗಳೂರಿನ ಯಾವ ವಾಟ್ಸಾಪ್ ಗುಂಪಿನಲ್ಲಿ ನೋಡಿದರೂ ಈ ಬಗೆಯ ಸಂದೇಶಗಳು ಕಾಣುತ್ತವೆ. ಇವುಗಳಲ್ಲಿ ಅರ್ಧ ನಿಜ, ಅರ್ಧ ಊಹೆ ಬೆರೆತಿರುತ್ತದೆ. ಕೆಲವೊಮ್ಮೆ ಹಳೇ ಸುದ್ದಿಯೇ ಹೊಸದಾಗಿ ಸುತ್ತುತ್ತಿರುತ್ತದೆ.

ಇದು ಬರೀ ಹರಟೆಯ ವಿಷಯವಲ್ಲ. ಇಂಥ ಸಂದೇಶ ನಂಬಿ ದುಬಾರಿ ಬೆಲೆಗೆ ಸೈಟ್ ಕೊಳ್ಳುವವರಿದ್ದಾರೆ, ಹೆದರಿ ಸಿಕ್ಕ ಬೆಲೆಗೆ ಮಾರುವವರೂ ಇದ್ದಾರೆ. ಆಕ್ಷೇಪಣೆ ಸಲ್ಲಿಸಲು ಸರ್ಕಾರ ಕೊಟ್ಟ ಗಡುವು ಗೊತ್ತಾಗದೆ ಹಕ್ಕು ಕಳೆದುಕೊಳ್ಳುವುದೂ ಉಂಟು. ಆದ್ದರಿಂದ ಒಂದು ರಸ್ತೆ ಯೋಜನೆ ಕಾಗದದಿಂದ ನೆಲಕ್ಕೆ ಇಳಿಯುವ ದಾರಿಯನ್ನು ಬೆಂಗಳೂರಿನ ಉದಾಹರಣೆ ಇಟ್ಟುಕೊಂಡು ನಾವು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇವೆ.

ಮೊದಲ ಪ್ರಶ್ನೆ: ಈ ರಸ್ತೆ ಯಾರದು?

ನಗರದ ಎಲ್ಲ ರಸ್ತೆಗಳಿಗೂ ಒಬ್ಬರೇ ಮಾಲೀಕರು ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಗುಂಡಿ ಕಂಡರೆ ‘ಬಿಬಿಎಂಪಿಯವರು ಏನು ಮಾಡ್ತಿದ್ದಾರೆ’ ಎಂದು ಕೇಳುವುದು ನಮಗೆ ಅಭ್ಯಾಸವಾಗಿದೆ. ಈಗ ಬಿಬಿಎಂಪಿಯೇ ಇಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಇವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ ಇದೆ.

ಬಡಾವಣೆಯ ಒಳರಸ್ತೆಗಳು ಆಯಾ ಪಾಲಿಕೆಯವು. ಹೊಸ ಬಡಾವಣೆ ಮಾಡಿದಾಗ ರಸ್ತೆ ಹಾಕುವುದು ಬಿಡಿಎ. ಹೊರ ವರ್ತುಲ ರಸ್ತೆಯನ್ನು ಮೊದಲು ನಿರ್ಮಿಸಿದ್ದೂ ಅದೇ ಬಿಡಿಎ. ಹೊಸೂರು ರಸ್ತೆ, ತುಮಕೂರು ರಸ್ತೆ, ಬಳ್ಳಾರಿ ರಸ್ತೆಗಳ ಹೊರಭಾಗ ರಾಷ್ಟ್ರೀಯ ಹೆದ್ದಾರಿ. ಕೆಲವು ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿವೆ. ನೈಸ್ ರಸ್ತೆಯನ್ನು ಖಾಸಗಿ ಕಂಪನಿ ನಡೆಸಿ ಟೋಲ್ ವಸೂಲಿ ಮಾಡುತ್ತದೆ. ಮೆಟ್ರೊ ಕಾಮಗಾರಿ ನಡೆಯುವ ಕಡೆ ಬಿಎಂಆರ್‌ಸಿಎಲ್ ಕೂಡ ಸೇರಿಕೊಳ್ಳುತ್ತದೆ. ರಸ್ತೆಯ ಕೆಳಗಿನ ನೀರು ಮತ್ತು ಒಳಚರಂಡಿ ಪೈಪು ಜಲಮಂಡಳಿಯದ್ದು, ವಿದ್ಯುತ್ ಕೇಬಲ್ ಬೆಸ್ಕಾಂನದ್ದು. ಮೇಲೆ ಓಡುವ ವಾಹನಗಳನ್ನು ನಿಯಂತ್ರಿಸುವವರು ಸಂಚಾರ ಪೊಲೀಸರು.

ಒಂದೇ ರಸ್ತೆಯನ್ನು ಡಾಂಬರು ಹಾಕಿದ ತಿಂಗಳಲ್ಲೇ ಮತ್ತೆ ಅಗೆಯುವುದಕ್ಕೆ ಇದೇ ದೊಡ್ಡ ಕಾರಣ. ಇವರನ್ನೆಲ್ಲ ಒಂದೇ ಸೂರಿನಡಿ ತಂದು ಸಾರಿಗೆ ಯೋಜನೆ ಮಾಡಲೆಂದು 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಕಾಯ್ದೆಯನ್ನು ವಿಧಾನಮಂಡಲ ಅಂಗೀಕರಿಸಿತು. ಕಾಯ್ದೆಯ ಉದ್ದೇಶ ಸರಳ: ಬಸ್ಸು, ಮೆಟ್ರೊ, ರಸ್ತೆ, ಪಾರ್ಕಿಂಗ್ ಎಲ್ಲಕ್ಕೂ ಒಂದೇ ನಕ್ಷೆ ಇರಬೇಕು.

ಯೋಜನೆ ಹುಟ್ಟುವುದು ಎಲ್ಲಿ?

ಪುಸ್ತಕದ ಪ್ರಕಾರ ರಸ್ತೆ ಯೋಜನೆ ಹುಟ್ಟಬೇಕಾದದ್ದು ಮಾಸ್ಟರ್ ಪ್ಲಾನ್‌ನಲ್ಲಿ, ಅಂದರೆ ಮಹಾ ಯೋಜನೆಯಲ್ಲಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿ ಅದನ್ನು ತಯಾರಿಸುವುದು ಬೆಂಗಳೂರಿನಲ್ಲಿ ಬಿಡಿಎ ಹೊಣೆಯಾಗಿತ್ತು. ಯಾವ ಜಾಗದಲ್ಲಿ ಮನೆ, ಯಾವ ಜಾಗದಲ್ಲಿ ಕಾರ್ಖಾನೆ, ಯಾವ ರಸ್ತೆ ಮುಂದೆ ಎಷ್ಟು ಅಗಲವಾಗಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾ ಯೋಜನೆ 2015ನೇ ಇಸವಿಯವರೆಗಿನ ಬೆಳವಣಿಗೆಯನ್ನು ಲೆಕ್ಕ ಹಾಕಿ ಮಾಡಿದ್ದು. 2031ರವರೆಗಿನ ಕರಡು 2017ರಲ್ಲಿ ಪ್ರಕಟವಾಯಿತು, ಆಮೇಲೆ ಅದನ್ನು ಹಿಂಪಡೆಯಲಾಯಿತು. ಹೀಗಾಗಿ 2015 ಕಳೆದ ಮೇಲೂ ಊರು ಬೆಳೆದದ್ದು ಹಳೆಯ ನಕ್ಷೆಯ ಮೇಲೆಯೇ.

ಎರಡನೆಯ ಮೂಲ ಸಮಗ್ರ ಸಂಚಾರ ಯೋಜನೆ. ಜನ ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನಲ್ಲಿ, ಯಾವುದರಲ್ಲಿ ಹೋಗುತ್ತಾರೆ ಎಂಬ ಸಮೀಕ್ಷೆಯ ಮೇಲೆ ಇದು ನಿಂತಿರುತ್ತದೆ. ಬೆಂಗಳೂರಿಗೆ ಇಂಥದೊಂದು ಯೋಜನೆ 2020ರಲ್ಲಿ ಸಿದ್ಧವಾಯಿತು.

ಮೂರನೆಯ ಮೂಲ ರಾಜಕೀಯ. ಬಜೆಟ್ ಭಾಷಣ, ಶಾಸಕರ ಬೇಡಿಕೆ, ಒಂದು ಜಂಕ್ಷನ್‌ನಲ್ಲಿ ದಿನವೂ ನಿಲ್ಲುವವರ ಸಿಟ್ಟು ಇವೆಲ್ಲ ಇಲ್ಲಿ ಬರುತ್ತವೆ. ಇದು ತಪ್ಪೆಂದು ಹೇಳಲಾಗದು, ಜನರ ಮಾತು ಸರ್ಕಾರದ ಕಿವಿಗೆ ಬೀಳಲೇಬೇಕು. ತೊಂದರೆ ಬರುವುದು ಮೊದಲು ಫ್ಲೈಓವರ್ ಘೋಷಿಸಿ, ಆಮೇಲೆ ಅದಕ್ಕೆ ಕಾರಣ ಹುಡುಕಿದಾಗ.

ವಾಹನ ಎಣಿಸುವುದು ಹೇಗೆ?

ರಸ್ತೆಯ ಸಾಮರ್ಥ್ಯ ಅಳೆಯಲು ಎಂಜಿನಿಯರುಗಳು ‘ಪಿಸಿಯು’ ಎಂಬ ಲೆಕ್ಕ ಬಳಸುತ್ತಾರೆ. ಒಂದು ಕಾರು ರಸ್ತೆಯಲ್ಲಿ ತೆಗೆದುಕೊಳ್ಳುವ ಜಾಗ ಒಂದು ಪಿಸಿಯು. ಬೈಕಿಗೆ ಅದಕ್ಕಿಂತ ಕಡಿಮೆ, ಬಸ್ಸು ಲಾರಿಗೆ ಎರಡು ಮೂರು ಪಟ್ಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಮಧ್ಯೆ ಡಿವೈಡರ್ ಇರುವ ಆರು ಪಥದ ಮುಖ್ಯರಸ್ತೆ ಎರಡೂ ದಿಕ್ಕು ಸೇರಿ ಗಂಟೆಗೆ 5,400 ಪಿಸಿಯು ತಡೆದುಕೊಳ್ಳಬಲ್ಲದು. ನಾಲ್ಕು ಪಥದ್ದಾದರೆ 3,600.

ಇದರ ಮೇಲೆ ಒಂದು ಸಣ್ಣ ಲೆಕ್ಕ ಮಾಡೋಣ. ಆರು ಪಥದ ರಸ್ತೆಯ ಒಂದು ದಿಕ್ಕಿಗೆ ಗಂಟೆಗೆ 2,700 ಪಿಸಿಯು ಸಿಗುತ್ತದೆ. ಅಷ್ಟೂ ಕಾರುಗಳೇ ಆಗಿ, ಒಂದೊಂದರಲ್ಲಿ ಸರಾಸರಿ ಒಂದೂವರೆ ಜನ ಇದ್ದಾರೆ ಎಂದುಕೊಂಡರೆ ಗಂಟೆಗೆ ಸುಮಾರು 4,000 ಜನ ದಾಟುತ್ತಾರೆ. ಅದೇ 4,000 ಜನರನ್ನು 50 ಜನ ಕೂತು ನಿಂತು ಹೋಗುವ ಬಸ್ಸಿನಲ್ಲಿ ಸಾಗಿಸಲು 80 ಬಸ್ಸು ಸಾಕು. ಒಂದು ಬಸ್ಸು ಮೂರು ಕಾರಿನ ಜಾಗ ಹಿಡಿದರೂ ಒಟ್ಟು 240 ಪಿಸಿಯು ಆಯಿತು. ಅಂದರೆ ಅಷ್ಟೇ ಜನರಿಗೆ ರಸ್ತೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಜಾಗ ಸಾಕು. ಯೋಜನೆ ಮಾಡುವಾಗ ವಾಹನ ಎಣಿಸುತ್ತೇವೋ ಜನರನ್ನು ಎಣಿಸುತ್ತೇವೋ ಎಂಬುದು ಎಷ್ಟು ಮುಖ್ಯ ಎಂದು ಇದರಿಂದ ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಕೂಡ ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಕೊಡಿ ಎಂದೇ ಹೇಳುತ್ತದೆ.

ಘೋಷಣೆಯಿಂದ ಉದ್ಘಾಟನೆಯವರೆಗೆ

ಫಾರ್ವರ್ಡ್‌ಗಳಲ್ಲಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ‘ಯೋಜನೆಗೆ ಒಪ್ಪಿಗೆ’ ಎಂಬ ಎರಡು ಪದ ಕಂಡ ಕೂಡಲೇ ನಾಳೆಯೇ ಜೆಸಿಬಿ ಬರುತ್ತದೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಹಂತಗಳು ಹೀಗಿವೆ:

1. ಘೋಷಣೆ: ಬಜೆಟ್‌ನಲ್ಲಿ ಅಥವಾ ಪತ್ರಿಕಾಗೋಷ್ಠಿಯಲ್ಲಿ ಹೇಳುವುದು. ಇದಕ್ಕೆ ಇನ್ನೂ ದುಡ್ಡೂ ಇಲ್ಲ, ನಕ್ಷೆಯೂ ಇಲ್ಲ.

2. ಕಾರ್ಯಸಾಧ್ಯತಾ ವರದಿ: ಇಲ್ಲಿ ರಸ್ತೆ ಬೇಕೇ, ಆಗುತ್ತದೆಯೇ, ಬೇರೆ ದಾರಿ ಇದೆಯೇ ಎಂದು ನೋಡುವುದು.

3. ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ: ಮಣ್ಣಿನ ಪರೀಕ್ಷೆ, ವಾಹನ ಎಣಿಕೆ, ಎಷ್ಟು ಜಾಗ ಬೇಕು, ಎಷ್ಟು ಮರ ಹೋಗುತ್ತವೆ, ಎಷ್ಟು ಖರ್ಚು ಎಂಬುದೆಲ್ಲ ಇದರಲ್ಲಿರುತ್ತದೆ. ವೆಚ್ಚದ ಅಂದಾಜು ಸರ್ಕಾರದ ದರಪಟ್ಟಿಯ ಮೇಲೆ ನಿಂತಿರುತ್ತದೆ.

4. ಆಡಳಿತಾತ್ಮಕ ಅನುಮೋದನೆ: ದೊಡ್ಡ ಯೋಜನೆಯಾದರೆ ಸಚಿವ ಸಂಪುಟದ ಒಪ್ಪಿಗೆ ಬೇಕು. ಪತ್ರಿಕೆಗಳಲ್ಲಿ ‘ಸಂಪುಟ ಅಸ್ತು’ ಎಂದು ಬರುವುದು ಈ ಹಂತದಲ್ಲಿ.

5. ಟೆಂಡರ್: ಕರ್ನಾಟಕದಲ್ಲಿ ಇದಕ್ಕೆ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ ಕಾಯ್ದೆ ಇದೆ. ಟೆಂಡರ್ ಪ್ರಕಟಣೆ ಸರ್ಕಾರದ ಇ-ಸಂಗ್ರಹಣೆ ಪೋರ್ಟಲ್‌ನಲ್ಲಿ ಸಿಗುತ್ತದೆ. ಕಾಯ್ದೆಯ 4(ಜಿ) ಕಲಂ ಅಡಿ ಸರ್ಕಾರ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ‘4ಜಿ ವಿನಾಯಿತಿ’ ಎಂದು ಸುದ್ದಿಯಲ್ಲಿ ಬಂದರೆ ಅದು ಮೊಬೈಲ್ ನೆಟ್‌ವರ್ಕ್ ಬಗ್ಗೆ ಅಲ್ಲ, ಟೆಂಡರ್ ಇಲ್ಲದೆ ಕೆಲಸ ಕೊಡುವ ಬಗ್ಗೆ.

6. ಕಾರ್ಯಾದೇಶ: ಗುತ್ತಿಗೆದಾರರಿಗೆ ‘ಕೆಲಸ ಶುರು ಮಾಡಿ’ ಎಂದು ಕೊಡುವ ಪತ್ರ. ಗಡುವಿನ ದಿನ ಎಣಿಕೆ ಇಲ್ಲಿಂದ.

7. ಕಾಮಗಾರಿ: ಪೈಪು, ಕೇಬಲ್ ಸ್ಥಳಾಂತರ, ಮರಗಳ ಅನುಮತಿ, ಸಂಚಾರ ಬದಲಾವಣೆ, ನಂತರ ಕಂಬ ಮತ್ತು ಗರ್ಡರ್.

8. ದೋಷ ಹೊಣೆಗಾರಿಕೆ ಅವಧಿ: ಕೆಲಸ ಮುಗಿದ ಮೇಲೂ ಟೆಂಡರ್‌ನಲ್ಲಿ ಹೇಳಿದಷ್ಟು ಕಾಲ ರಸ್ತೆ ಕೆಟ್ಟರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆ ಪ್ರಸ್ತಾವದ ಬಗ್ಗೆ ಬರುವ ಸಂದೇಶಗಳನ್ನು ಓದುವಾಗ ಈ ಪಟ್ಟಿ ನೆನಪಿರಲಿ. ಸುಮಾರು 17 ಕಿ.ಮೀ. ಉದ್ದ, 17 ಸಾವಿರ ಕೋಟಿ ರೂ.ಗೂ ಮೀರಿದ ಅಂದಾಜು ವೆಚ್ಚದ ಯೋಜನೆ ಅದು. ಸಂದೇಶ ಓದಿದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟನೇ ಹಂತದ ಸುದ್ದಿ?’ ಎಂಬುದು.

‘ರೋಡ್ ಟ್ಯಾಕ್ಸ್ ಕಟ್ಟಿದ್ದೀವಲ್ಲ!’

ಕಾರು ಕೊಳ್ಳುವಾಗ ಕರ್ನಾಟಕದಲ್ಲಿ ದೊಡ್ಡ ಮೊತ್ತದ ತೆರಿಗೆ ಕಟ್ಟುತ್ತೇವೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇ. 13ರಿಂದ 18ರವರೆಗೆ ದರವಿದ್ದು, ಅದರ ಮೇಲೆ ಸೆಸ್ ಬೇರೆ. ಇದನ್ನು ‘ರೋಡ್ ಟ್ಯಾಕ್ಸ್’ ಎಂದು ಕರೆಯುವುದರಿಂದ ಆ ದುಡ್ಡು ನಮ್ಮ ಮನೆ ಮುಂದಿನ ರಸ್ತೆಗೇ ಬರುತ್ತದೆ ಎಂದು ಅನ್ನಿಸುತ್ತದೆ.

ನಿಜ ಹಾಗಿಲ್ಲ. ಕಾನೂನಿನ ಪ್ರಕಾರ ಅದು ಮೋಟಾರು ವಾಹನ ತೆರಿಗೆ. ಅದು ನೇರವಾಗಿ ರಾಜ್ಯ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಅಲ್ಲಿಂದ ಸಂಬಳ, ಶಾಲೆ, ಆಸ್ಪತ್ರೆ, ರಸ್ತೆ ಎಲ್ಲಕ್ಕೂ ಹಂಚಿಕೆಯಾಗುತ್ತದೆ. ಕಟ್ಟಿದವರ ರಸ್ತೆಗೇ ಬಳಸಬೇಕೆಂಬ ನಿಯಮವಿಲ್ಲ. ಪೆಟ್ರೋಲ್ ಮತ್ತು ಡೀಸೆಲ್ ಮೇಲೆ ಕೇಂದ್ರ ಸರ್ಕಾರ ಹಾಕುವ ಸೆಸ್ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಗೆ ಹೋಗುತ್ತದೆ. ಅದರಿಂದ ಮುಖ್ಯವಾಗಿ ಹೆದ್ದಾರಿ ಮತ್ತು ಇತರ ಮೂಲಸೌಕರ್ಯ ಆಗುತ್ತದೆಯೇ ಹೊರತು ಬಡಾವಣೆಯ ಅಡ್ಡರಸ್ತೆಯಲ್ಲ.

ಹಾಗಾದರೆ ನಗರದ ರಸ್ತೆಗೆ ದುಡ್ಡು ಎಲ್ಲಿಂದ? ಮುಖ್ಯ ದಾರಿಗಳು ಇಷ್ಟು:

ಆಸ್ತಿ ತೆರಿಗೆ: ಇದು ಪಾಲಿಕೆಯ ಸ್ವಂತ ಆದಾಯ. ಗುಂಡಿ ಮುಚ್ಚುವುದು, ಒಳರಸ್ತೆಗೆ ಡಾಂಬರು, ಫುಟ್‌ಪಾತ್ ಇವಕ್ಕೆ ಮೂಲ ಆಸರೆ. ಕಸ, ದೀಪ, ಸಿಬ್ಬಂದಿ ಸಂಬಳದ ಹೊರೆಯೂ ಇದರ ಮೇಲೆಯೇ ಬೀಳುತ್ತದೆ.

ರಾಜ್ಯ ಸರ್ಕಾರದ ಅನುದಾನ: ನಗರೋತ್ಥಾನದಂಥ ಯೋಜನೆಗಳು. ದೊಡ್ಡ ಫ್ಲೈಓವರ್, ವೈಟ್ ಟಾಪಿಂಗ್, ಟೆಂಡರ್ ಶ್ಯೂರ್ ರಸ್ತೆಗಳ ಹಿಂದೆ ಹೆಚ್ಚಾಗಿ ಈ ಹಣವಿದೆ. ದುಡ್ಡು ಕೊಡುವವರು ರಾಜ್ಯ ಸರ್ಕಾರವಾದ್ದರಿಂದ ಯಾವ ರಸ್ತೆ ಮೊದಲು ಎಂಬ ನಿರ್ಧಾರವೂ ಬಹುಪಾಲು ಅಲ್ಲೇ ಆಗುತ್ತದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ನಂತರ ಬಿಬಿಎಂಪಿ ಇರುವ ತನಕವೂ ಚುನಾವಣೆ ನಡೆಯಲಿಲ್ಲ. ಆ ವರ್ಷಗಳಲ್ಲಿ ವಾರ್ಡಿನ ಪರವಾಗಿ ಕೌನ್ಸಿಲ್‌ನಲ್ಲಿ ಕೂತು ಪ್ರಶ್ನೆ ಕೇಳುವವರೇ ಇರಲಿಲ್ಲ.

ಸಾಲ: ಹುಡ್ಕೊದಂಥ ಸಂಸ್ಥೆಗಳು, ಬ್ಯಾಂಕುಗಳು, ವಿದೇಶಿ ಅಭಿವೃದ್ಧಿ ಬ್ಯಾಂಕುಗಳಿಂದ ಪಡೆಯುವುದು. ಬಾಂಡ್ ಮೂಲಕವೂ ಹಣ ಎತ್ತಬಹುದು. ಭಾರತದಲ್ಲಿ ಮೊದಲು ಮುನಿಸಿಪಲ್ ಬಾಂಡ್ ಹೊರಡಿಸಿದ್ದು ಬೆಂಗಳೂರು ಪಾಲಿಕೆಯೇ, 1997ರಲ್ಲಿ 125 ಕೋಟಿ ರೂ.ಗೆ. ಸಾಲ ಯಾವುದೇ ಇರಲಿ, ಕೊನೆಗೆ ತೀರಿಸುವುದು ತೆರಿಗೆ ಅಥವಾ ಟೋಲ್ ಕಟ್ಟುವ ನಾವೇ.

ಖಾಸಗಿ ಸಹಭಾಗಿತ್ವ: ಬಿಒಟಿ ಅಂದರೆ ಕಂಪನಿ ಕಟ್ಟಿ, ಕೆಲವು ವರ್ಷ ಟೋಲ್ ವಸೂಲಿ ಮಾಡಿ, ಆಮೇಲೆ ಸರ್ಕಾರಕ್ಕೆ ಒಪ್ಪಿಸುವುದು. ಹೊಸೂರು ರಸ್ತೆಯಲ್ಲಿ 2010ರಲ್ಲಿ ಶುರುವಾದ, ಸುಮಾರು 10 ಕಿ.ಮೀ. ಉದ್ದದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ರಸ್ತೆ ಹೀಗೆ ಆದದ್ದು. ಟೋಲ್‌ನಿಂದ ಬಂಡವಾಳ ಹುಟ್ಟುವುದಿಲ್ಲ ಎಂದಾದರೆ ಸರ್ಕಾರ ಕಾರ್ಯಸಾಧ್ಯತಾ ಅಂತರ ನಿಧಿ ಕೊಟ್ಟು ಕೊರತೆ ತುಂಬುತ್ತದೆ. ‘ಖಾಸಗಿಯವರು ಕಟ್ಟುತ್ತಾರೆ, ಸರ್ಕಾರಕ್ಕೆ ಪೈಸೆ ಖರ್ಚಿಲ್ಲ’ ಎಂಬ ಮಾತನ್ನು ಕೇಳಿದರೆ ಈ ನಿಧಿ ಎಷ್ಟು, ಟೋಲ್ ಎಷ್ಟು, ಎಷ್ಟು ವರ್ಷ ಎಂದು ಮರುಪ್ರಶ್ನೆ ಕೇಳಿ.

ಟಿಡಿಆರ್: ಇದು ದುಡ್ಡಿನ ಬದಲು ಕೊಡುವ ಹಕ್ಕು. ರಸ್ತೆ ಅಗಲಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಹೆಚ್ಚುವರಿ ಮಹಡಿ ಕಟ್ಟುವ ಹಕ್ಕಿನ ಪತ್ರ ಸಿಗುತ್ತದೆ. ಅದನ್ನು ತಾವೇ ಬೇರೆ ಕಡೆ ಬಳಸಬಹುದು, ಇಲ್ಲವೇ ಬಿಲ್ಡರ್‌ಗಳಿಗೆ ಮಾರಬಹುದು. ಸರ್ಕಾರಕ್ಕೆ ನಗದು ಉಳಿಯುತ್ತದೆ. ಜಾಗ ಕಳೆದುಕೊಳ್ಳುವ ಸಣ್ಣ ಅಂಗಡಿಯವರಿಗೆ ಮಾತ್ರ ‘ಈ ಕಾಗದ ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ’ ಎಂಬ ಚಿಂತೆ ಉಳಿಯುತ್ತದೆ.

ಜಾಗ ಸಿಗದೆ ರಸ್ತೆ ಇಲ್ಲ

ನಗರದಲ್ಲಿ ರಸ್ತೆಗಿಂತ ರಸ್ತೆಯ ಜಾಗ ದುಬಾರಿ. ಇದಕ್ಕೆ ಪೆರಿಫೆರಲ್ ರಿಂಗ್ ರಸ್ತೆಗಿಂತ ದೊಡ್ಡ ಉದಾಹರಣೆ ಬೇಡ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸು ರಸ್ತೆ ದಾಟಿ ಹೊಸೂರು ರಸ್ತೆಯವರೆಗೆ ಸುಮಾರು 73 ಕಿ.ಮೀ. ಉದ್ದದ ಈ ರಸ್ತೆಗೆ ಬಿಡಿಎ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಈಗ ಇದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರಿದೆ, ಹಣಕ್ಕೆ ಹುಡ್ಕೊ ಸಾಲದ ದಾರಿ ಹಿಡಿಯಲಾಗಿದೆ.

ನಡುವಿನ ವರ್ಷಗಳಲ್ಲಿ ಎರಡು ಸಂಗತಿ ನಡೆದವು. ಒಂದು, ಭೂಮಿಯ ಬೆಲೆ ಹಲವು ಪಟ್ಟು ಏರಿತು, ಅದರ ಜತೆ ಯೋಜನೆಯ ವೆಚ್ಚವೂ. ಎರಡು, 2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಬಂತು. ಅದರ ಪ್ರಕಾರ ನಗರ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಗ್ರಾಮೀಣ ಪ್ರದೇಶದಲ್ಲಿ ನಾಲ್ಕು ಪಟ್ಟಿನವರೆಗೆ ಪರಿಹಾರ ಸಿಗುತ್ತದೆ. ಆದರೆ ಬಿಡಿಎ ಕಾಯ್ದೆಯ ಅಡಿ ವಶಪಡಿಸಿಕೊಳ್ಳುವ ಭೂಮಿಗೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ತೀರ್ಪು ನೀಡಿತು. ಪಕ್ಕದ ಹಳ್ಳಿಯಲ್ಲಿ ಹೆದ್ದಾರಿಗೆ ಜಾಗ ಕೊಟ್ಟವರಿಗೆ ಒಂದು ಲೆಕ್ಕ, ತಮಗೆ ಇನ್ನೊಂದು ಲೆಕ್ಕ ಯಾಕೆ ಎಂಬುದು ಈ ರೈತರ ಪ್ರಶ್ನೆ.

ಅಧಿಸೂಚನೆಯಾದ ಜಮೀನನ್ನು ಮಾರುವುದು ಕಷ್ಟ, ಮನೆ ಕಟ್ಟುವುದು ಕಷ್ಟ, ಬ್ಯಾಂಕಿನಲ್ಲಿ ಸಾಲ ಹುಟ್ಟುವುದೂ ಕಷ್ಟ. 2005ರಲ್ಲಿ ಹುಟ್ಟಿದ ಮಗು ಕಾಲೇಜಿಗೆ ಸೇರುವಷ್ಟು ಕಾಲ ಆ ಜಮೀನುಗಳು ಹೀಗೇ ಇದ್ದವು. ಒಂದು ರಸ್ತೆ ತಡವಾದರೆ ಟ್ರಾಫಿಕ್‌ನಲ್ಲಿ ನಿಂತವರಿಗೆ ಆಗುವ ನಷ್ಟ ಎಲ್ಲರಿಗೂ ಕಾಣುತ್ತದೆ. ಆ ರಸ್ತೆಯ ಗೆರೆಯ ಮೇಲೆ ಬದುಕುವವರ ನಷ್ಟ ಅಷ್ಟಾಗಿ ಕಾಣುವುದಿಲ್ಲ.

ಕೆಲಸ ಅರ್ಧಕ್ಕೆ ನಿಲ್ಲುವುದು ಯಾಕೆ?

ಕೋರಮಂಗಲದ ಕೇಂದ್ರೀಯ ಸದನದಿಂದ ಈಜಿಪುರದವರೆಗಿನ ಫ್ಲೈಓವರ್ ಸುಮಾರು 2.5 ಕಿ.ಮೀ. ಮಾತ್ರ. ಕೆಲಸ ಶುರುವಾದದ್ದು 2017ರಲ್ಲಿ. ಗಡುವು ಮತ್ತೆ ಮತ್ತೆ ತಪ್ಪಿ, 2022ರಲ್ಲಿ ಗುತ್ತಿಗೆ ರದ್ದಾಯಿತು. 2023ರಲ್ಲಿ ಹೊಸ ಗುತ್ತಿಗೆದಾರರಿಗೆ ಕೊಡಲಾಯಿತು. ವರ್ಷಗಟ್ಟಲೆ ಕಂಬಗಳು ಮಾತ್ರ ನಿಂತಿದ್ದ ಆ ರಸ್ತೆಯ ಫೋಟೊಗಳು ನಿಮ್ಮ ಮೊಬೈಲಿಗೂ ಬಂದಿರಬಹುದು.

ಇಂಥ ವಿಳಂಬಕ್ಕೆ ಸಾಮಾನ್ಯವಾಗಿ ಕಾಣುವ ಕಾರಣಗಳು ಕೆಲವೇ. ಜಾಗ ಪೂರ್ತಿ ಕೈಗೆ ಬರುವ ಮೊದಲೇ ಕೆಲಸ ಶುರು ಮಾಡುವುದು. ನೆಲದಡಿಯ ಪೈಪು ಕೇಬಲ್‌ಗಳ ಸರಿಯಾದ ನಕ್ಷೆ ಇಲ್ಲದಿರುವುದು. ಬಿಲ್ ಬಾಕಿ, ಅದರಿಂದ ಗುತ್ತಿಗೆದಾರರು ಕೂಲಿಯಾಳು, ಯಂತ್ರ ಕಡಿಮೆ ಮಾಡುವುದು. ತೀರಾ ಕಡಿಮೆ ದರಕ್ಕೆ ಟೆಂಡರ್ ಹಿಡಿದು ಆಮೇಲೆ ನಿಭಾಯಿಸಲಾಗದಿರುವುದು. ಕೋರ್ಟ್ ತಡೆ. ಎಲ್ಲ ವಿಳಂಬಕ್ಕೂ ಲಂಚವೊಂದೇ ಕಾರಣ ಎನ್ನುವ ಸಂದೇಶ ಪೂರ್ತಿ ಚಿತ್ರ ಕೊಡುವುದಿಲ್ಲ. ಹಾಗೆಂದು ಅಕ್ರಮ ನಡೆಯುವುದೇ ಇಲ್ಲ ಎನ್ನಲೂ ಆಗದು. ಅದನ್ನು ಹಿಡಿಯುವುದಕ್ಕೂ ಯಾವ ಹಂತದಲ್ಲಿ ಎಷ್ಟು ದುಡ್ಡು ಹೋಯಿತು ಎಂಬ ದಾಖಲೆಯೇ ಬೇಕು.

ರಸ್ತೆ ಅಗಲವಾದರೆ ಟ್ರಾಫಿಕ್ ಕಡಿಮೆಯಾಗುತ್ತದೆಯೇ?

ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಉತ್ತರ: ಸ್ವಲ್ಪ ಕಾಲ ಹೌದು, ಬಹಳ ಕಾಲ ಇಲ್ಲ.

ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಭಾರೀ ಖರ್ಚಿನಲ್ಲಿ ಅಗಲ ಮಾಡಲಾಯಿತು. ಸರ್ವಿಸ್ ರಸ್ತೆಗಳೂ ಸೇರಿ ಕೆಲವು ಕಡೆ ಅದು 26 ಪಥ. ಆದರೂ ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಸಮಯ ಮತ್ತೆ ಏರಿತು. ಅರ್ಥಶಾಸ್ತ್ರಜ್ಞರಾದ ಜೈಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ನಗರಗಳ ಹೆದ್ದಾರಿಗಳನ್ನು ನೋಡಿ, ರಸ್ತೆ ಎಷ್ಟು ಹೆಚ್ಚಿತೋ ವಾಹನ ಓಡಾಟವೂ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿತು ಎಂದು ತೋರಿಸಿತು.

ಕಾರಣ ನಮ್ಮ ಮನೆಯಲ್ಲೇ ಇದೆ. ರಸ್ತೆ ಖಾಲಿ ಕಂಡರೆ ಬಸ್ಸಿಗೆ ಹೋಗುತ್ತಿದ್ದವರು ಬೈಕ್ ತೆಗೆಯುತ್ತಾರೆ. ಬೆಳಗ್ಗೆ ಏಳಕ್ಕೇ ಹೊರಡುತ್ತಿದ್ದವರು ಒಂಬತ್ತಕ್ಕೆ ಹೊರಡುತ್ತಾರೆ. ಬಳಸು ದಾರಿ ಹಿಡಿದಿದ್ದವರು ನೇರ ದಾರಿಗೆ ಬರುತ್ತಾರೆ. ಆ ರಸ್ತೆಯ ತುದಿಯಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳುತ್ತದೆ. ಕೆಲವು ವರ್ಷದಲ್ಲಿ ರಸ್ತೆ ಮೊದಲಿನಷ್ಟೇ ತುಂಬುತ್ತದೆ. ಇದನ್ನು ತಜ್ಞರು ‘ಪ್ರೇರಿತ ಬೇಡಿಕೆ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವಾಗ, ಖಾಲಿ ಜಾಗ ಕಾದು ಕೂತವರಿಗೆ ಕೊರತೆಯಿಲ್ಲ.

ಇನ್ನೊಂದು ತೊಡಕು: ಫ್ಲೈಓವರ್ ಒಂದು ಸಿಗ್ನಲ್ ತಪ್ಪಿಸಿದರೂ ಅದೇ ವಾಹನಗಳನ್ನು ಮುಂದಿನ ಸಿಗ್ನಲ್‌ಗೆ ಬೇಗ ತಲುಪಿಸುತ್ತದೆ. ಸಾಲು ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ.

ಹಾಗೆಂದು ಎಲ್ಲ ರಸ್ತೆ ಯೋಜನೆಯೂ ವ್ಯರ್ಥ ಎನ್ನುವ ಸಂದೇಶವೂ ತಪ್ಪು. ಎರಡು ಅಗಲ ರಸ್ತೆಗಳ ನಡುವೆ ಇಕ್ಕಟ್ಟಾದ ಒಂದು ಜಾಗವಿದ್ದರೆ ಅದನ್ನು ಬಿಡಿಸುವುದು ಉಪಯೋಗಕ್ಕೆ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಹೆಬ್ಬಾಳದಲ್ಲಿ ತೆರೆದ ಹೊಸ ಲೂಪ್ ಈ ಬಗೆಯ ಕೆಲಸ. ಊರಿಗೆ ಸಂಬಂಧವೇ ಇಲ್ಲದ ಲಾರಿಗಳನ್ನು ಹೊರಗಿನಿಂದಲೇ ಕಳಿಸುವ ವರ್ತುಲ ರಸ್ತೆ, ರೈಲ್ವೆ ಗೇಟಿನ ಜಾಗದಲ್ಲಿ ಸೇತುವೆ, ಆಂಬುಲೆನ್ಸ್ ಹೋಗಲಾಗದ ಕಡೆ ರಸ್ತೆ ಇವೆಲ್ಲ ಬೇಕಾದವೇ. ಕೇಳಬೇಕಾದ್ದು ಇಷ್ಟು: ಅದೇ ದುಡ್ಡನ್ನು ಬೇರೆ ಕಡೆ ಹಾಕಿದರೆ ಹೆಚ್ಚು ಜನರಿಗೆ ಅನುಕೂಲವಾಗುತ್ತಿತ್ತೇ?

ಹಾಗಾದರೆ ಕೆಲಸ ಮಾಡುವ ಮದ್ದು ಯಾವುದು?

ಸಿಂಗಪುರ 1975ರಲ್ಲೇ ಪೇಟೆಯ ಮಧ್ಯಭಾಗಕ್ಕೆ ಬರುವ ಕಾರುಗಳಿಗೆ ಶುಲ್ಕ ಹಾಕಿತು. ಲಂಡನ್ 2003ರಲ್ಲಿ ಅದೇ ದಾರಿ ಹಿಡಿಯಿತು. ಸ್ಟಾಕ್‌ಹೋಮ್ 2006ರಲ್ಲಿ ಪ್ರಯೋಗ ಮಾಡಿದಾಗ ಆ ವಲಯದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ಮೊದಲು ವಿರೋಧಿಸಿದ್ದ ಜನರೇ ಆಮೇಲೆ ಮತ ಹಾಕಿ ಅದನ್ನು ಉಳಿಸಿಕೊಂಡರು. ಆದರೆ ಈ ಊರುಗಳಲ್ಲಿ ಕಾರು ಬಿಟ್ಟವರಿಗೆ ಹತ್ತಲು ಬಸ್ಸು, ರೈಲು ಇದ್ದವು. ಅದಿಲ್ಲದೆ ಶುಲ್ಕ ಮಾತ್ರ ಹಾಕಿದರೆ ಅದು ಬಡವರ ಮೇಲೆ ದಂಡವಾಗುತ್ತದೆ.

ಬೆಂಗಳೂರಿನಲ್ಲೂ ಈ ದಿಕ್ಕಿನ ಪ್ರಯತ್ನಗಳಿವೆ. 2019ರ ಅಕ್ಟೋಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಶುರುವಾಗಿತ್ತು, ಮೆಟ್ರೊ ಕಾಮಗಾರಿಯಿಂದಾಗಿ ಅದು ಉಳಿಯಲಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಕೆಳಗೆ ಫ್ಲೈಓವರ್, ಮೇಲೆ ಮೆಟ್ರೊ ಇರುವ ಡಬಲ್ ಡೆಕ್ಕರ್ ಬಂದಿದೆ. 148 ಕಿ.ಮೀ. ಉದ್ದದ ಉಪನಗರ ರೈಲಿನ ಕೆಲಸ ನಡೆಯುತ್ತಿದೆ. ನಡೆಯಲು ಸರಿಯಾದ ಫುಟ್‌ಪಾತ್ ಇಲ್ಲದಿದ್ದರೆ ಮಾತ್ರ ಇವು ಯಾವುವೂ ಪೂರ್ತಿ ಫಲ ಕೊಡುವುದಿಲ್ಲ. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಲಾಗದವರು ಬೈಕನ್ನೇ ತೆಗೆಯುತ್ತಾರೆ.

ನಾವು ಮಾತಾಡಬೇಕಾದ್ದು ಯಾವಾಗ?

ಜೆಸಿಬಿ ಬಂದ ಮೇಲೆ ರಸ್ತೆಗಿಳಿಯುವುದಕ್ಕಿಂತ ಮೊದಲೇ ಮಾತಾಡಲು ಕಾನೂನಿನಲ್ಲಿ ಜಾಗಗಳಿವೆ.

ಮಹಾ ಯೋಜನೆಯ ಕರಡು ಪ್ರಕಟವಾದಾಗ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಿಮ್ಮ ಜಾಗ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆಯಲ್ಲಿ ಬಂದರೆ 2013ರ ಕಾಯ್ದೆಯಡಿ 60 ದಿನ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ 21 ದಿನ, ಬಿಡಿಎ ಕಾಯ್ದೆಯಡಿ ನೋಟಿಸ್ ಕೈಸೇರಿದ ದಿನದಿಂದ 30 ದಿನದ ಅವಕಾಶವಿದೆ. ಆದ್ದರಿಂದ ಯಾವ ಕಾಯ್ದೆಯ ನೋಟಿಸ್ ಎಂದು ಮೊದಲು ನೋಡಿ. ಗೋಡೆಗೆ ಕೆಂಪು ಗುರುತು ಹಾಕಿದರೆ ಅದು ಸಾಮಾನ್ಯವಾಗಿ ಸರ್ವೆ ಗುರುತು. ಗುರುತು ಹಾಕಿದ್ದರಿಂದಲೇ ನಿಮ್ಮ ಸ್ವಂತ ಜಾಗ ಸರ್ಕಾರದ್ದಾಗುವುದಿಲ್ಲ. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆ.

ಯೋಜನೆಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಡಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಡಿಪಿಆರ್, ಟೆಂಡರ್ ಮೊತ್ತ, ಪಾವತಿಯಾದ ಬಿಲ್, ದೋಷ ಹೊಣೆಗಾರಿಕೆ ಅವಧಿ ಇವನ್ನೆಲ್ಲ 10 ರೂ. ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ಜನ ಕೇಳಿದರೆ ಏನೂ ಆಗುವುದಿಲ್ಲ ಎನ್ನುವವರಿಗೆ ಒಂದು ನೆನಪು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಸೇತುವೆ ಯೋಜನೆಗೆ 1,791 ಕೋಟಿ ರೂ. ಅಂದಾಜಾಗಿತ್ತು. 800ಕ್ಕೂ ಹೆಚ್ಚು ಮರ ಹೋಗುತ್ತಿದ್ದವು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದು ಸರಿಯೋ ತಪ್ಪೋ ಎಂಬ ಬಗ್ಗೆ ಈಗಲೂ ಎರಡು ಅಭಿಪ್ರಾಯವಿದೆ. ಕೇಳುವವರಿದ್ದರೆ ಉತ್ತರ ಕೊಡಬೇಕಾಗುತ್ತದೆ ಎಂಬುದು ಮಾತ್ರ ಅದರಿಂದ ಸ್ಪಷ್ಟವಾಯಿತು.

ಶೇರ್ ಮಾಡುವ ಮೊದಲು ಐದು ಪ್ರಶ್ನೆ

- ಇದು ಘೋಷಣೆಯೋ, ಡಿಪಿಆರೋ, ಟೆಂಡರೋ, ಕಾರ್ಯಾದೇಶವೋ?
- ರಸ್ತೆ ಯಾರದು, ಯೋಜನೆ ಯಾವ ಸಂಸ್ಥೆಯದು?
- ದುಡ್ಡು ಅನುದಾನವೋ, ಸಾಲವೋ, ಟೋಲೋ?
- ಸಂದೇಶದಲ್ಲಿ ದಿನಾಂಕ ಇದೆಯೇ? ಇರುವ ನಕ್ಷೆ ಸರ್ಕಾರದ ಪೋರ್ಟಲ್‌ನಲ್ಲಿ ಸಿಗುತ್ತದೆಯೇ?
- ಆಕ್ಷೇಪಣೆಗೆ ಗಡುವು ಇದೆಯೇ, ಎಂದಿನವರೆಗೆ?

ಮೊದಲ ನಾಲ್ಕಕ್ಕೆ ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ಉಳಿಯಲಿ. ಐದನೆಯದಕ್ಕೆ ‘ಇದೆ’ ಎಂಬ ಉತ್ತರ ಸಿಕ್ಕರೆ, ಆ ದಿನಾಂಕವನ್ನು ಎಲ್ಲರಿಗಿಂತ ಮೊದಲು ಆ ರಸ್ತೆಯ ಅಕ್ಕಪಕ್ಕದಲ್ಲಿ ಮನೆ, ಅಂಗಡಿ ಇರುವವರಿಗೆ ಕಳಿಸಿ.